ಕಳೆಗೋ ಬೆಳೆಗೋ

ಜಗತ್ತಿನಲ್ಲಿ ಹುಟ್ಟಿದ ಪ್ರತಿಯೊಂದಕ್ಕೂ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕವಿದೆ, ಅದನ್ನು ಕೊಡುವುದಕ್ಕೆಂದೇ ತಾನು ಹುಟ್ಟಿದ್ದೇನೆ ಎಂದು ನಂಬಿದ್ದ ಮಹಾಪುರುಷರೊಬ್ಬರು ನಮ್ಮ ಬೀದಿಯ ಕೊನೆಯ ಮನೆಯಲ್ಲಿದ್ದರು. ತರಕಾರಿ ಪ್ರಯೋಗ ತೋಟದಲ್ಲಿ ಮೂವತ್ತೊಂದು ವರ್ಷದಿಂದ ಅವರದು ಒಂದೇ ಕೆಲಸ. ಕಳೆನಾಶಕ ಸಿಂಪಡಿಸಿದ ಮಡಿಗಳ ನಡುವೆ ಕೈ ಹಿಂದೆ ಕಟ್ಟಿಕೊಂಡು ನಡೆಯುವುದು, ಬಗ್ಗಿ ನೋಡುವುದು, ಒಂದು ಅಂಕೆ ಹೇಳುವುದು. ಎಲ್ಲರೂ ಅವರನ್ನು ಅಂಕರಾಯರು ಎನ್ನುತ್ತಿದ್ದರು. ಅದರಲ್ಲಿ ಅರ್ಧ ಮರ್ಯಾದೆ, ಅರ್ಧ ಕುಚೋದ್ಯ. ಅವರು ಪೂರ್ತಿ ಮರ್ಯಾದೆ ಎಂದೇ ತಿಳಿದಿದ್ದರು.

ಕೆಲಸ ಸುಲಭವೆಂದು ಯಾರೂ ಮೂಗು ಮುರಿಯಬಾರದು. ಕಳೆಯೂ ಗಿಡವೇ, ಬೆಳೆಯೂ ಗಿಡವೇ, ಔಷಧಿಗೆ ಕಣ್ಣಿಲ್ಲ. ಕೆಲವು ತರಕಾರಿಗಳು ಕೆಲವು ವಿಷಗಳನ್ನು ಕುಡಿದು, ಒಳಗೇ ಮುರಿದು ಅರಗಿಸಿಕೊಂಡು, ಏನೂ ಆಗದವರಂತೆ ನಿಲ್ಲುತ್ತವೆ. ಪಕ್ಕದ ಕಳೆಗೆ ಆ ಜೀರ್ಣಶಕ್ತಿ ಇಲ್ಲ, ಸಾಯುತ್ತದೆ. ಅದೇ ವಿಷವನ್ನು ಇನ್ನೊಂದು ತರಕಾರಿಗೆ ಹಾಕಿದರೆ ಮೊದಲು ಮಲಗುವುದು ಆ ತರಕಾರಿಯೇ. ಯಾವ ಬೆಳೆ ಯಾವ ಔಷಧಿಯನ್ನು ಎಷ್ಟು ತಾಳುತ್ತದೆ ಎಂದು ಕಂಡುಹಿಡಿಯುವುದಕ್ಕಾಗಿ ಆ ತೋಟ ಇತ್ತು. ಅದರ ಗೋಡೆಯ ಮೇಲೆ ಹಳೆಯ ಅಧಿಕಾರಿಯೊಬ್ಬರು ‘ತಾಳಿದವನು ಬಾಳಿಯಾನು’ ಎಂದು ಆಳೆತ್ತರದ ಅಕ್ಷರದಲ್ಲಿ ಬರೆಸಿದ್ದರು. ಗೋಡೆಯ ಆಚೆ, ತಾಳದವು ಸಾಲುಸಾಲಾಗಿ ಸತ್ತು ಬಿದ್ದಿರುತ್ತಿದ್ದವು.

ರಾಯರ ಅಂಕಪಟ್ಟಿಯಲ್ಲಿ ಎರಡು ಕಾಲಂ. ಮೊದಲನೆಯದರ ತಲೆಯ ಮೇಲೆ ‘ಕಳೆಗೆ’, ಎರಡನೆಯದರ ಮೇಲೆ ‘ಬೆಳೆಗೆ’. ಎರಡರಲ್ಲೂ ಬರೆಯುವುದು ಎಷ್ಟು ಪೆಟ್ಟು ಬಿದ್ದಿದೆ ಎಂಬುದನ್ನೇ. ಕಳೆಗೆ ಹತ್ತು ಎಂದರೆ ಕಳೆ ನಿರ್ನಾಮ, ಪರಮಾನಂದ. ಬೆಳೆಗೆ ಹತ್ತು ಎಂದರೆ ಬೆಳೆ ನಿರ್ನಾಮ, ಸರ್ವನಾಶ. ಅಂದರೆ ಒಂದೇ ಅಂಕೆ ಎಡಗಡೆ ಕೂತರೆ ಪಲ್ಲಕ್ಕಿ, ಬಲಗಡೆ ಕೂತರೆ ಚಟ್ಟ.

ಮನೆಯಲ್ಲಿ ರಾಯರು ಬಳಸುತ್ತಿದ್ದದ್ದು ಎರಡನೆಯ ಕಾಲಂ. ಅಡುಗೆಗೆ ಸೊನ್ನೆ ಎಂದರೆ ಕುಂದಿಲ್ಲ. ಎರಡು ಎಂದರೆ ಉಪ್ಪು ಮುಂದು. ಐದು ಎಂದರೆ ತಟ್ಟೆ ತಳ್ಳುತ್ತಿದ್ದರು. ಮದುವೆಯಾದ ಮರುದಿನ ಬೆಳಿಗ್ಗೆ ಹೆಂಡತಿಯ ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿ, “ಎರಡು. ಸ್ವಲ್ಪ ಬಿಳಿಚಿಕೊಂಡಿದೆ. ಮೂರು ವಾರದಲ್ಲಿ ಚೇತರಿಸಿಕೊಳ್ಳುತ್ತೆ” ಎಂದಿದ್ದರಂತೆ. ಆಕೆ ಚೇತರಿಸಿಕೊಳ್ಳಲಿಲ್ಲ, ತಾಳಿಕೊಂಡಳು. ಆಕೆಗೆ ಮಕ್ಕಳಾಗಲಿಲ್ಲ, ಅದಕ್ಕೂ ಒಂದು ಅಂಕೆ ಬಂತು. ಅದನ್ನು ಆಕೆ ಯಾರಿಗೂ ಹೇಳಿಲ್ಲ.

ರಾಯರಿಗೆ ಒಂದು ಖಜಾನೆ ಇತ್ತು: ಗಾಯಗೊಂಡ ಎಲೆಗಳ ಸಂಗ್ರಹ. ಅಂಚು ಸುಟ್ಟ ಬದನೆ ಎಲೆ, ನರ ಹಳದಿಗಟ್ಟಿದ ಹುರುಳಿಕಾಯಿ ಎಲೆ, ಸುರುಳಿ ಸುತ್ತಿದ ಟೊಮೆಟೊ ಚಿಗುರು, ಹಾಲಿನಂತೆ ಬೆಳ್ಳಗಾದ ಮೂಲಂಗಿ ಎಲೆ. ಎಲ್ಲವನ್ನೂ ಒತ್ತಿ ಒಣಗಿಸಿ, ಅಂಟಿಸಿ, ಅಂಕೆ ಬರೆದು, ಇನ್ನೂರ ನಲವತ್ತು ಫೈಲುಗಳಲ್ಲಿ ಇಟ್ಟಿದ್ದರು. ಅವು ಮಂಚದ ಕೆಳಗಿದ್ದವು, ಅಟ್ಟದ ಮೇಲಿದ್ದವು, ಹೆಂಡತಿಯ ಸೀರೆಯ ಬೀರುವಿನಲ್ಲಿದ್ದವು. ಅವುಗಳಿಗೆ ತಕ್ಕ ಜಾಗ ಮನೆಯಲ್ಲಿ ಒಂದೇ: ಬೀದಿಗೆ ಕಿಟಕಿ ಇರುವ ಮುಂದಿನ ಕೋಣೆ. ಅಲ್ಲಿ ಗೋಡೆ ತುಂಬ ಹಲಗೆ ಹೊಡೆಸಿ ಎಲೆಗಳನ್ನು ಸಾಲಾಗಿ ಜೋಡಿಸಿ, ನಡುವೆ ಒಂದು ಕುರ್ಚಿ ಹಾಕಿ ಕೂರಬೇಕೆಂಬುದು ಅವರ ಜೀವನದ ಏಕೈಕ ಆಸೆ. ಆದರೆ ಆ ಕೋಣೆಯಲ್ಲಿ ಬಾಮೈದ ಇದ್ದ.

ಹೆಂಡತಿಯ ತಮ್ಮ. ಎಂಟು ದಿನ ಇದ್ದು ಹೋಗುತ್ತೇನೆಂದು ಬಂದು ಹನ್ನೊಂದು ವರ್ಷವಾಗಿತ್ತು. ಛತ್ರಿ ರಿಪೇರಿ, ಫೋಟೋಗೆ ಕಟ್ಟು ಹಾಕುವುದು, ಗಡಿಯಾರ ಬಿಚ್ಚುವುದು (ಜೋಡಿಸುವುದು ಬೇರೆ ಮಾತು), ಹೀಗೆ ಹತ್ತಾರು ವಿದ್ಯೆ ಬಲ್ಲವನು. ಯಾವುದರಿಂದಲೂ ಹೊಟ್ಟೆ ತುಂಬದವನು. ಆದರೆ ಮಾತುಗಾರ. ಸಂಜೆ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಅವನು ಬೀದಿಯವರ ಅಣಕು ಮಾಡಲು ಶುರುಮಾಡಿದರೆ ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ರಾಯರು ಬಂದ ಕೂಡಲೇ ನಗು ನಿಲ್ಲುತ್ತಿತ್ತು. ಬಾಮೈದನಿಗೆ ರಾಯರು ಕೊಟ್ಟಿದ್ದ ಅಂಕ ಎಂಟು. “ಪೂರ್ತಿ ಸತ್ತಿಲ್ಲ, ಬದುಕಿದ್ದೂ ಪ್ರಯೋಜನವಿಲ್ಲ” ಎಂದು ಅದರ ಷರಾ.

ಇಂಥ ಬಾಮೈದನಿಗೆ ಒಂದು ದಿನ ಅದೃಷ್ಟ ಖುಲಾಯಿಸಿತು. ರಿಟೈರಾದ ಮೇಷ್ಟ್ರೊಬ್ಬರು ರಸ್ತೆ ಬದಿಯ ತಮ್ಮ ಮುಕ್ಕಾಲು ಎಕರೆಯನ್ನು ಅವನಿಗೆ ಬಿಟ್ಟುಕೊಟ್ಟರು. ಹೊಲದ ಮೂಲೆಯಲ್ಲಿ ಪಂಪು ಇರುವ ಕೋಣೆ, ಅದಕ್ಕೆ ಅಂಟಿಕೊಂಡಂತೆ ವಾಸಕ್ಕೊಂದು ಕೋಣೆ. ಮೇಷ್ಟ್ರ ಷರತ್ತು ಒಂದೇ: “ಒಂದು ಬೆಳೆ ಸರಿಯಾಗಿ ತೆಗೆದು ತೋರ್ಸಪ್ಪ. ಆಮೇಲೆ ಅಲ್ಲೇ ವಾಸ ಮಾಡು, ನಾನಿರೋವರೆಗೆ ನಿಂದೇ. ತೆಗೀಲಿಲ್ಲ ಅಂದ್ರೆ ಬೇರೆಯವರನ್ನ ನೋಡ್ಕೋತೀನಿ.”

ಬಾಮೈದ ಕ್ಯಾರೆಟ್ ಬಿತ್ತಿದ. ಬೆಳೆ ಬಂದರೆ ಅವನು ಪಂಪಿನ ಕೋಣೆಗೆ, ಎಲೆಗಳು ಮುಂದಿನ ಕೋಣೆಗೆ. ರಾಯರು ಅಳತೆಪಟ್ಟಿ ತಂದು, ಬಾಮೈದ ಇಲ್ಲದ ಹೊತ್ತು ನೋಡಿ ಗೋಡೆ ಅಳೆದರು. ಬಡಗಿಗೆ ಹೇಳಿಟ್ಟರು. ಆ ಮುಕ್ಕಾಲು ಎಕರೆ ಕ್ಯಾರೆಟ್ ಬದುಕಲಿ ಎಂದು ಬಾಮೈದನಿಗಿಂತ ಹೆಚ್ಚಾಗಿ ಹಾರೈಸಿದವರು ಅವರು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಯಾರೂ ನಂಬುವುದಿಲ್ಲ.

ಕ್ಯಾರೆಟ್ ಎದ್ದಿತು. ಜೊತೆಗೆ ಹುಲ್ಲೂ ಎದ್ದಿತು. ಕಳೆ ಕೀಳುವ ಹೆಂಗಸರ ಮುಂದಾಳು ರಸ್ತೆಯಲ್ಲಿ ನಿಂತು ಕೂಗಿ ಕೇಳಿದಳು: “ಏನಣ್ಣಾ, ಕ್ಯಾರೆಟ್ ಹುಡುಕಿಕೊಡೋಕೆ ನಾವು ಬರಬೇಕಾ? ಆರು ಜನ, ಎರಡು ದಿನ.”

“ನಮ್ಮನೇಲೇ ಪಂಡಿತರಿದಾರಮ್ಮ. ಔಷಧಿ ಹೊಡಿತೀನಿ” ಎಂದ ಬಾಮೈದ.

“ಔಷಧಿಗೆ ಕಣ್ಣಿಲ್ಲ, ನಮ್ಮ ಕೈಗಿದೆ. ನಿನ್ನಿಷ್ಟ.”

ಅಂಗಡಿಯಲ್ಲಿ ಎರಡು ಬಾಟಲಿ ಇದ್ದವು, ಒಂದಕ್ಕೆ ನೀಲಿ ಮುಚ್ಚಳ, ಇನ್ನೊಂದಕ್ಕೆ ಕೆಂಪು. ಮೇಲಂಟಿಸಿದ ಕಾಗದದಲ್ಲಿ ಎಲ್ಲವೂ ಬರೆದಿತ್ತು, ಇರುವೆ ಸಾಲಿನಂಥ ಅಕ್ಷರದಲ್ಲಿ. ಮನೆಯಲ್ಲಿ ಸಾಕ್ಷಾತ್ ಬೃಹಸ್ಪತಿ ಇರುವಾಗ ಇರುವೆ ಎಣಿಸುವವರು ಯಾರು? ಎರಡನ್ನೂ ತೋಟದಲ್ಲಿ ಕ್ಯಾರೆಟ್ ಮೇಲೆ ಪರೀಕ್ಷೆ ಮಾಡಿದ್ದರು. ನೀಲಿಯನ್ನು ಕ್ಯಾರೆಟ್ ನೀರು ಕುಡಿದಂತೆ ಕುಡಿದು ಅರಗಿಸಿಕೊಂಡಿತ್ತು. ಕಳೆ ಮಾತ್ರ ಸತ್ತಿತ್ತು. ಕೆಂಪು, ಜೋಳಕ್ಕೆಂದು ಮಾಡಿದ್ದು. ಹುಲ್ಲಿನ ಜಾತಿಯದನ್ನು ಮುಟ್ಟುವುದಿಲ್ಲ, ಅಗಲ ಎಲೆಯದನ್ನೂ ಕ್ಯಾರೆಟ್‌ನಂಥದನ್ನೂ ಬಿಡುವುದಿಲ್ಲ. ಪಟ್ಟಿಯಲ್ಲಿ ಬೆಳೆಗೆ ನೀಲಿಯದು ಸೊನ್ನೆ, ಕೆಂಪಿನದು ಒಂಬತ್ತು.

ಬೆಳಿಗ್ಗೆ ಆರೂವರೆ. ಹಿತ್ತಿಲ ಬಾಗಿಲಿನ ನಲ್ಲಿಯ ಮುಂದೆ ರಾಯರು ಹಲ್ಲುಜ್ಜುತ್ತಿದ್ದರು. ಹಲ್ಲುಜ್ಜುವುದೂ ಅವರಿಗೆ ವಿಜ್ಞಾನವೇ. ಬಾಯಿ ತುಂಬ ನೊರೆ ತುಂಬಿಕೊಂಡು ಹತ್ತು ನಿಮಿಷ. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಪಾತ್ರೆ ಒರೆಸುತ್ತಿದ್ದಳು. ಬಾಮೈದ ಬಂದು ಕೈ ಕಟ್ಟಿ ನಿಂತ.

“ಭಾವ, ಹುಲ್ಲು ವಿಪರೀತ ಆಗಿದೆ. ಕಳೆಗೆ ಯಾವುದು ತರ್ಲಿ? ನೀಲಿ ಮುಚ್ಚಳದ್ದಾ, ಕೆಂಪು ಮುಚ್ಚಳದ್ದಾ?”

ಉಗುಳಿ, ಬಾಯಿ ಮುಕ್ಕಳಿಸಿ, ‘ನೀಲಿ ತಗೊಳಪ್ಪ’ ಎಂದಿದ್ದರೆ ಈ ಕಥೆ ಇರುತ್ತಿರಲಿಲ್ಲ. ಆದರೆ ಎಂಟು ಅಂಕದವನಿಗಾಗಿ ಒಂದು ಬಾಯಿ ನೊರೆ ಖರ್ಚು ಮಾಡುವುದೇ? ಅದೂ ಅಲ್ಲದೆ, ಬಾಟಲಿಯ ಹೆಸರು ಹೇಳುವುದು ಅಂಗಡಿಯವನ ಕೆಲಸ. ಅಂಕೆ ಹೇಳುವುದು ರಾಯರ ಕೆಲಸ. ಅವರು ಗದ್ದ ಮೇಲಕ್ಕೆತ್ತಿ, ನೊರೆ ಚೆಲ್ಲದ ಹಾಗೆ ತುಟಿ ಬಿಚ್ಚಿಟ್ಟುಕೊಂಡೇ, “ಬೆಳೆಗೆ, ನೀಲಿ ಸೊನ್ನೆ, ಕೆಂಪು ಒಂಬತ್ತು” ಎಂದು ಅಪ್ಪಣೆ ಕೊಡಿಸಿದರು.

ಈಗ ವ್ಯಾಕರಣ. ತುಟಿಗೆ ತುಟಿ ತಾಗದೆ ‘ಬ’ ಹುಟ್ಟುವುದಿಲ್ಲ. ‘ಕ’ ಗಂಟಲಿನದು, ಬಾಯಿ ತೆರೆದಿದ್ದರೂ ನಡೆಯುತ್ತದೆ. ನೊರೆಯ ಹಿಂದಿನಿಂದ ಹೊರಬಿದ್ದ ಆ ಮೊದಲ ಅಕ್ಷರ ಎರಡೂ ಅಲ್ಲದ ಒಂದು ಗೊರಕೆ. ಕಳೆಯ ಬಗ್ಗೆ ಕೇಳಿದವನ ಕಿವಿಗೆ ಅದು ‘ಕಳೆಗೆ’ ಎಂದೇ ಬಿತ್ತು. ದಡ್ಡನಾಗಿದ್ದರೆ ಬಚಾವಾಗುತ್ತಿದ್ದ, ಆ ಮನೆಯಲ್ಲಿ ಸೊನ್ನೆಯೇ ಶ್ರೇಷ್ಠ ಎಂದುಕೊಂಡು ನೀಲಿ ತರುತ್ತಿದ್ದ. ಆದರೆ ಹನ್ನೊಂದು ವರ್ಷ ಪಂಡಿತರ ಸಹವಾಸ. ಎರಡು ಕಾಲಂ ಇದೆ, ಕಳೆಯ ಕಾಲಂನಲ್ಲಿ ದೊಡ್ಡ ಅಂಕೆಯೇ ದೊಡ್ಡದು ಎಂಬಷ್ಟು ವಿದ್ಯೆ ಅವನಿಗೆ ಬಂದುಬಿಟ್ಟಿತ್ತು. ಅವನನ್ನು ಕೆಡಿಸಿದ್ದು ಆ ವಿದ್ಯೆ.

“ಅಕ್ಕಾ, ಕಳೆಗೆ ಅಂದ್ರು ತಾನೇ?”

ಅಕ್ಕ ಕೈಯಲ್ಲಿದ್ದ ಲೋಟವನ್ನು ಬೆಳಕಿಗೆ ಹಿಡಿದು ನೋಡಿದಳು. “ಕಳೆ ಬಗ್ಗೆ ತಾನೇ ಕೇಳಿದ್ದು ನೀನು? ಕಳೆಗೇ ಅಂದಿರ್ತಾರೆ.”

ಬಾಮೈದ ಕೆಂಪು ತಂದ. ಗಾಳಿಯಿಲ್ಲದ ಬೆಳಿಗ್ಗೆ ನೋಡಿ, ಬೆನ್ನಿಗೆ ಸಿಂಪಡಿಸುವ ಪಂಪು ಕಟ್ಟಿ, ಒಂದು ಸಾಲೂ ಬಿಡದೆ ಹೊಡೆದ. ಜೀವಮಾನದಲ್ಲಿ ಅವನು ಅಚ್ಚುಕಟ್ಟಾಗಿ ಮಾಡಿ ಮುಗಿಸಿದ ಮೊದಲ ಕೆಲಸ ಅದು.

ಮೂರನೆಯ ದಿನ ಕ್ಯಾರೆಟ್ ಸೊಪ್ಪು ಸುರುಳಿ ಸುತ್ತಲು ಶುರುವಾಯಿತು. “ನೋಡಕ್ಕಾ, ಮೈತುಂಬ ಗುಂಗುರು ಕೂದಲು ಬಂದಿದೆ” ಎಂದು ಅವನು ಮನೆಗೆ ಬಂದು ವರ್ಣಿಸಿದ. ಅಕ್ಕ ಅಂದು ಊಟ ಬಡಿಸುವಾಗ ಒಂದು ತಟ್ಟೆ ಕೆಳಗೆ ಬೀಳಿಸಿದಳು. “ಕೈಗೆ ನಾಲ್ಕು” ಎಂದರು ರಾಯರು.

ರಾಯರು ಹೊಲಕ್ಕೆ ಹೋದದ್ದು ಏಳನೆಯ ದಿನ. ಸಿಂಪಡಿಸಿದ ಏಳನೆಯ, ಹದಿನಾಲ್ಕನೆಯ, ಇಪ್ಪತ್ತೊಂದನೆಯ ದಿನ ಮಾತ್ರ ಅಂಕ ಕೊಡಬೇಕೆಂಬುದು ತೋಟದ ಶಾಸ್ತ್ರ. ಬಾಮೈದನ ಹೊಲವೆಂದು ಶಾಸ್ತ್ರ ಮುರಿಯುವವರಲ್ಲ. ರಸ್ತೆಯಲ್ಲಿ ಸೈಕಲ್ ನಿಲ್ಲಿಸಿ, ಬಾಮೈದನ ಹಿಂದೆ ಹೊಲಕ್ಕಿಳಿದು ನೋಡಿದರು. ಕ್ಯಾರೆಟ್ ಗಿಡಗಳು ಹೊಟ್ಟೆನೋವು ಬಂದವರಂತೆ ಮುದುಡಿ, ಸೊಪ್ಪು ಹಿಂಡಿದ ಬಟ್ಟೆಯಂತೆ ತಿರುಚಿಕೊಂಡಿದ್ದವು. ಅವುಗಳ ಮಧ್ಯೆ ಹುಲ್ಲು, ಮೊಣಕಾಲೆತ್ತರ, ಹಸಿರಾಗಿ, ಮದುವೆ ಮನೆಗೆ ಬಂದ ಗಂಡಿನ ಕಡೆಯವರಂತೆ ಓಲಾಡುತ್ತಿತ್ತು. ಮುಂದಿನ ಕೋಣೆ, ಹಲಗೆಗಳು, ಕುರ್ಚಿ ಎಲ್ಲವೂ ಒಂದು ಕ್ಷಣ ಅವರ ಕಣ್ಣ ಮುಂದೆ ಕುಸಿದವು. ಆದರೂ ಬಾಯಿ ತಾನಾಗಿಯೇ ಹೇಳಿತು: “ಆರು.”

“ಆರು ಒಳ್ಳೇದಾ ಭಾವ?” ಎಂದು ಬಾಮೈದ ಕೇಳಿದ.

“ಯಾವ ಬಾಟ್ಲಿ ಹೊಡೆದ್ಯೋ?”

“ಕೆಂಪು. ನೀವೇ ಹೇಳಿದ್ರಲ್ಲ, ಕಳೆಗೆ ಒಂಬತ್ತು ಅಂತ.”

“ಬೆಳೆಗೆ ಅಂದೆ ಕಣೋ, ಬೆಳೆಗೆ.”

“ಕಳೆಗೆ ಅಂದ್ರಿ.”

“ಬೆಳೆಗೆ.”

ರಸ್ತೆಯಲ್ಲಿ ಹೋಗುವವರು ನಿಂತು, ಇಬ್ಬರು ಬೆಳೆದ ಗಂಡಸರು ಹೊಲದ ನಡುವೆ ಒಂದೊಂದೇ ಪದವನ್ನು ಚೆಂಡಿನಂತೆ ಎಸೆದಾಡುವುದನ್ನು ನೋಡಿದರು.

ಬಾಮೈದ ಅಳಲಿಲ್ಲ, ಬರೆದ. ತೋಟದ ಮುಖ್ಯಸ್ಥೆಗೆ ಆರು ಪುಟದ ದೂರು. ‘ತಮ್ಮ ಸಿಬ್ಬಂದಿಯು ದಂತಧಾವನ ಕಾಲದಲ್ಲಿ ನೀಡಿದ ಸಲಹೆಯಂತೆ’ ಎಂದು ಶುರುವಾಗುತ್ತಿತ್ತು. ಮುಖ್ಯಸ್ಥೆ ಹೊಸಬರು, ಎಲ್ಲರೂ ಮೇಡಂ ಎನ್ನುತ್ತಿದ್ದರು. ಅಂಕಗಳನ್ನು ಬಾಯಿಮಾತಿನಲ್ಲಿ ಹೊರಗಿನವರಿಗೆ ಹೇಳಕೂಡದು ಎಂಬ ನಿಯಮ ಮಾಡಿದವರೇ ಅವರು. ಇಪ್ಪತ್ತೊಂದನೆಯ ದಿನ ಸಂಬಂಧಪಟ್ಟವರೆಲ್ಲ ಹೊಲಕ್ಕೆ ಬರಬೇಕೆಂದು ಹೇಳಿಕಳಿಸಿದರು.

ಎಲ್ಲರೂ ಬಂದರು. ಬದುವಿನ ಮೇಲೆ ಮೇಷ್ಟ್ರು, ಛತ್ರಿ ಹಿಡಿದು. ಇನ್ನೊಂದು ಬದುವಿನ ಮೇಲೆ, ಕರೆಯದಿದ್ದರೂ, ಕಳೆ ಕೀಳುವ ಹೆಂಗಸರು. ನಡುವೆ ಮೇಡಂ, ರಾಯರು, ಬಾಮೈದ. ಸಾಕ್ಷಿಯಾಗಿ ರಾಯರ ಹೆಂಡತಿ. ಕಾಲ ಕೆಳಗೆ ಕ್ಯಾರೆಟ್, ಅಂದರೆ ಕ್ಯಾರೆಟ್ ಆಗಿದ್ದದ್ದು: ಕಂದು ಬಣ್ಣದ ಎಳೆಗಳು, ಮುಟ್ಟಿದರೆ ಪುಡಿ. ನೂರಕ್ಕೆ ಹತ್ತು ಗಿಡ ಇನ್ನೂ ಸಾಯುವುದೋ ಬೇಡವೋ ಎಂದು ಯೋಚಿಸುತ್ತ ನಿಂತಿದ್ದವು.

ಮೇಡಂ ಅಭ್ಯಾಸಬಲದಿಂದ ಕೇಳಿದರು: “ಎಷ್ಟು ಕೊಡ್ತೀರಿ ಇದಕ್ಕೆ?”

ರಾಯರು ಕೈ ಹಿಂದೆ ಕಟ್ಟಿದರು. ಒಂದು ಸಾಲಿನುದ್ದ ನಡೆದರು. ಬಗ್ಗಿದರು. ತಿರುಗಿ ಬಂದರು. ತೋಟದ ಪುಟ್ಟ ಮಡಿಯಲ್ಲಿ ತಾವು ಕೊಟ್ಟ ಅಂಕ ಮುಕ್ಕಾಲು ಎಕರೆಯಲ್ಲಿ ಕೂದಲೆಳೆ ವ್ಯತ್ಯಾಸವಿಲ್ಲದೆ ನಿಜವಾಗಿತ್ತು. ಮೂವತ್ತೊಂದು ವರ್ಷದ ಸಾಧನೆಗೆ ಇಷ್ಟು ದೊಡ್ಡ ಸಾಕ್ಷಿ ಹಿಂದೆಂದೂ ಸಿಕ್ಕಿರಲಿಲ್ಲ. ತಡೆಯಲಾರದೆ ಅವರ ಮುಖದ ಮೇಲೆ ಒಂದು ನಗು ಮೂಡಿತು.

“ಒಂಬತ್ತು” ಎಂದರು. “ಸರಿಯಾಗಿ ಒಂಬತ್ತು.”

ಆ ನಗುವನ್ನು ಎಲ್ಲರೂ ನೋಡಿದರು. ಹೆಂಗಸರ ಮುಂದಾಳು ಪಕ್ಕದವಳಿಗೆ, ಹೊಲಕ್ಕೆಲ್ಲ ಕೇಳುವ ಗುಟ್ಟಿನಲ್ಲಿ, “ಹೆಣದ ಮುಂದೆ ನಿಂತು ಹಲ್ಲು ಕಿರಿಯೋ ಗಂಡಸನ್ನ ಇವತ್ತೇ ಕಂಡಿದ್ದು. ಅದೂ ಚೆನ್ನಾಗಿ ಉಜ್ಜಿದ ಹಲ್ಲು” ಎಂದಳು. ಮೇಷ್ಟ್ರು ಛತ್ರಿ ಮಡಚಿದರು.

“ಭಾವನಿಗೆ ಬೇಕಾಗಿದ್ದೇ ಇದು” ಎಂದ ಬಾಮೈದ. “ನಾನು ಉದ್ಧಾರ ಆಗಬಾರದು ಅಂತ.”

“ಲೋ, ನೀನು ಉದ್ಧಾರ ಆಗಲಿ ಅಂತ ನಾನು ಬಡಗಿಗೆ ಹೇಳಿದ್ದೆ ಕಣೋ” ಎಂದರು ರಾಯರು. ಯಾರಿಗೂ ಅರ್ಥವಾಗಲಿಲ್ಲ.

ಮೇಡಂ ಹೆಂಡತಿಯ ಕಡೆ ತಿರುಗಿದರು. “ಅಮ್ಮ, ನೀವು ಅಲ್ಲೇ ಇದ್ರಂತೆ. ಇವರು ಹೇಳಿದ್ದು ಕಳೆಗೆ ಅಂತಲೋ, ಬೆಳೆಗೆ ಅಂತಲೋ? ಬೆಳೆಗೆ ಅಂದಿದ್ರೆ ತಪ್ಪು ಕೇಳಿಸಿಕೊಂಡವರದು. ಕಳೆಗೆ ಅಂದಿದ್ರೆ ತಪ್ಪು ಇವರದು.”

ರಾಯರು ನಿರಾಳವಾದರು. ಹೆಂಡತಿ ಸುಳ್ಳು ಹೇಳುವವಳಲ್ಲ. ಆ ವಿಷಯದಲ್ಲಿ ಅವಳಿಗೆ ಸೊನ್ನೆ ಕೊಟ್ಟಿದ್ದರು.

ಆಕೆ ಕಾಲ ಕೆಳಗಿನ ಒಂದು ಒಣಗಿದ ಗಿಡವನ್ನು ನೋಡಿದಳು, ತಮ್ಮನನ್ನು ನೋಡಿದಳು. “ಕಳೆಗೆ ಅಂದ್ರು” ಎಂದಳು.

ತೀರ್ಪಿಗೆ ಎರಡು ನಿಮಿಷ ಸಾಕಾಯಿತು. ಅಂಕಪಟ್ಟಿ ರಾಯರ ಕೈಬಿಟ್ಟಿತು. ನಾಳೆಯಿಂದ ಅವರು ಮಡಿಗಳಿಗೆ ನೆಡುವ ಗೂಟಗಳಿಗೆ ಬಣ್ಣ ಹಚ್ಚಬೇಕು, ರಿಟೈರಾಗುವವರೆಗೆ ಅದೇ. ಮೇಷ್ಟ್ರು ಪಂಪಿನ ಕೋಣೆಯ ಬೀಗದ ಕೈಯನ್ನು ಬಾಮೈದನಿಂದ ಮೆಲ್ಲಗೆ ಈಸಿಕೊಂಡರು. “ಬೇಜಾರು ಮಾಡ್ಕೋಬೇಡಪ್ಪ. ಮಾತು ಅಂದ್ರೆ ಮಾತು.” ಅಲ್ಲೇ ನಿಂತು ಅದನ್ನು ಹೆಂಗಸರ ಮುಂದಾಳಿನ ಕೈಗಿಟ್ಟರು. ಮುಂದಿನ ಬೆಳೆ ಅವಳದು. ಅವಳು ಆಗಲೇ ಸೆರಗು ಸಿಕ್ಕಿಸಿ ಹುಲ್ಲಿಗೆ ಕೈ ಹಾಕಿದ್ದಳು.

ಮನೆಗೆ ಬಂದ ಮೇಲೆ ರಾಯರು ಅಡುಗೆಮನೆಯ ಹೊಸ್ತಿಲಲ್ಲಿ ನಿಂತರು. ಆ ಹೊಸ್ತಿಲಲ್ಲಿ ಅವರು ನಿಂತದ್ದೇ ಅಪರೂಪ.

“ನಿನಗೆ ಸರಿಯಾಗಿ ಕೇಳಿಸಿರಲಿಲ್ಲ, ಅಲ್ವಾ?”

“ಕೇಳಿಸ್ತು. ಬೆಳೆಗೆ ಅಂದ್ರಿ.” ಆಕೆ ತಿರುಗಲಿಲ್ಲ, ತರಕಾರಿ ಹೆಚ್ಚುತ್ತಿದ್ದಳು. “ರೀ, ಮೂವತ್ತು ವರ್ಷ ನನ್ನ ಹತ್ರ ನೊರೆ ಬಾಯಲ್ಲೇ ಮಾತಾಡಿದೀರಿ. ನನಗೆ ತಿಳೀದೇ ಇರುತ್ತಾ?”

“ಮತ್ತೆ ಅವತ್ತು ಅವನಿಗ್ಯಾಕೆ ಹೇಳಲಿಲ್ಲ?”

“ಹೇಳಿದ್ರೆ ಕ್ಯಾರೆಟ್ ಬರ್ತಿತ್ತು.”

“ಬರಲಿ ಅಂತ ತಾನೇ ಎಲ್ಲರೂ—”

“ಬಂದಿದ್ರೆ ಅವನು ಹೋಗ್ತಿದ್ದ. ಆಮೇಲೆ ಈ ಮನೇಲಿ ಯಾರು? ನಾನು, ನೀವು, ನಿಮ್ಮ ಸತ್ತ ಎಲೆಗಳು.” ಹೆಚ್ಚಿದ್ದನ್ನು ಪಾತ್ರೆಗೆ ಸುರಿದಳು. “ಅವನ ಹೊಲ ನೋಡಿ ಎರಡು ರಾತ್ರಿ ಅತ್ತೆ. ಮೂರನೇ ರಾತ್ರಿ, ಅವನಂತೂ ಇಲ್ಲೇ ಇದಾನಲ್ಲ ಅಂತ ಸಮಾಧಾನ ಆಯ್ತು. ಚೆನ್ನಾಗಿ ನಿದ್ದೆ ಬಂತು.”

ರಾಯರು ಅವಳ ಬೆನ್ನು ನೋಡಿದರು. ಅಭ್ಯಾಸದಂತೆ ಅಂಕೆಯೊಂದು ನಾಲಿಗೆಯ ತುದಿಗೆ ಬರಬೇಕಿತ್ತು. ಬರಲಿಲ್ಲ.

ಆದರೆ ಸೋತು ಕೂರುವ ಜಾತಿಯಲ್ಲ ನಮ್ಮ ವೀರರು. ಅವರ ಕೈಗೆ ಬ್ರಹ್ಮಾಸ್ತ್ರ ಸಿಕ್ಕಿತ್ತು. ಅಕ್ಕನೇ ಬೇಕೆಂದು ಬೆಳೆ ಸಾಯಿಸಿದಳೆಂದು ತಮ್ಮನಿಗೆ ತಿಳಿದರೆ, ಅವನು ಈ ಮನೆಯಲ್ಲಿ ಒಂದು ಗಳಿಗೆ ಇರುತ್ತಾನೆಯೇ? ಪಂಪಿನ ಕೋಣೆ ಇಲ್ಲದಿದ್ದರೇನು, ಬೀದಿ ಇದೆ. ಅವನು ಹೋದರೆ ಸಾಕು. ಹೆಂಡತಿಗೆ ತಮ್ಮ ತಪ್ಪಿದರೆ ಅವಳಿಗೂ ತಕ್ಕ ಶಾಸ್ತಿ. ಒಂದೇ ಬಾಣಕ್ಕೆ ಎರಡು.

ಮುಂದಿನ ಕೋಣೆಗೆ ನಡೆದರು. ಬಾಮೈದ ನೆಲದ ಮೇಲೆ ಕೂತು ಯಾರದೋ ಛತ್ರಿಯ ಕಡ್ಡಿ ಬಗ್ಗಿಸುತ್ತಿದ್ದ. ಕಣ್ಣು ಕೆಂಪಗಿತ್ತು. ರಾಯರು ಬಾಗಿಲು ಮುಂದಕ್ಕೆ ಸರಿಸಿ, ಗಂಟಲು ಸರಿಮಾಡಿಕೊಂಡು, ಒಂದೊಂದು ಅಕ್ಷರವನ್ನೂ ಬಿಡಿಸಿ ಹೇಳಿದರು.

“ಕೇಳಿಲ್ಲಿ. ನಾನು ಹೇಳಿದ್ದು ಬೆಳೆಗೆ ಅಂತ. ಅದು ನಿಮ್ಮಕ್ಕನಿಗೆ ಸರಿಯಾಗಿ ಕೇಳಿಸಿದೆ. ಬೇಕಂತಲೇ ಸುಮ್ಮನಿದ್ದಳು. ಇವತ್ತೂ ಬೇಕಂತಲೇ ಸುಳ್ಳು ಹೇಳಿದಳು. ನೀನು ಮನೆ ಬಿಟ್ಟು ಹೋಗಬಾರದು ಅಂತ. ಈಗ ತಾನೇ ಅವಳ ಬಾಯಿಂದಲೇ ಕೇಳ್ಕೊಂಡು ಬಂದೆ.”

ಅವರ ಬಾಯಿಂದ ಅಷ್ಟು ಸ್ಪಷ್ಟವಾದ, ಅಷ್ಟು ಉದ್ದದ, ಒಂದೂ ಅಂಕೆಯಿಲ್ಲದ ಮಾತು ಬಂದದ್ದು ಅದೇ ಮೊದಲು. ಪ್ರತಿಯೊಂದು ಪದವೂ ನಿಜ.

ಬಾಮೈದ ಛತ್ರಿಯನ್ನು ಪಕ್ಕಕ್ಕಿಟ್ಟ.

“ನನ್ನ ಹೊಲ ಕೊಂದ್ರಿ, ನಗಾಡಿದ್ರಿ. ಹೋಗ್ಲಿ ಬಿಡಿ” ಎಂದ. “ಈಗ ಆ ಹೆಂಗಸಿನ ತಲೆಗೆ ಕಟ್ತೀರಾ? ಇಡೀ ಊರಿನ ಮುಂದೆ ಗಂಡನ ಮುಖ ನೋಡದೆ ನಿಜ ಹೇಳಿದಳು, ಅದಕ್ಕೆ ಸೇಡಾ ಇದು? ಭಾವ, ನೀವು ಇಂಥವರು ಅಂತ ಗೊತ್ತಿತ್ತು. ಇಷ್ಟು ಅಂತ ಗೊತ್ತಿರಲಿಲ್ಲ.”

“ಲೋ, ಬೇಕಾದ್ರೆ ಅವಳನ್ನೇ ಕೇಳೋ.”

“ಕೇಳಿ ಅವಳನ್ನ ಇನ್ನೂ ಅಳಿಸ್ಲಾ?” ಬಾಮೈದ ಎದ್ದ. ಮೂಲೆಯಲ್ಲಿ ಕಟ್ಟಿಟ್ಟಿದ್ದ ಟ್ರಂಕಿನ ಹಗ್ಗ ಬಿಚ್ಚಿದ. ಪಂಪಿನ ಕೋಣೆಗೆಂದು ಜೋಡಿಸಿಟ್ಟಿದ್ದ ಅಂಗಿಗಳನ್ನು ಒಂದೊಂದೇ ತೆಗೆದು ಗೋಡೆಯ ಮೊಳೆಗಳಿಗೆ ನೇತುಹಾಕತೊಡಗಿದ. “ನಾಳೆ ನಾಡಿದ್ದರಲ್ಲಿ ಎಲ್ಲಾದ್ರೂ ಹೊರಟುಹೋಗೋಣ ಅಂತಿದ್ದೆ. ಯಾವ ಮುಖ ಇಟ್ಕೊಂಡು ಇನ್ನೂ ಇಲ್ಲಿರೋದು ಅಂತ. ಈಗ ಹೋಗಲ್ಲ. ನಿಮ್ಮಂಥವರ ಕೈಗೆ ಅಕ್ಕನ್ನ ಒಬ್ಬಳೇ ಬಿಟ್ಟು ಸಾಯೋವರೆಗೂ ಹೋಗಲ್ಲ.”

ಆಮೇಲೆ ಒಳಗೆ ಮುಖ ಮಾಡಿ, ದನಿಯನ್ನು ಹಗುರ ಮಾಡಿಕೊಂಡು ಕೂಗಿದ: “ಅಕ್ಕಾ, ಊಟಕ್ಕೆ ಏನು?”

“ಬಂದೆ ಕಣೋ, ಆಯ್ತು” ಎಂದಳು ಅಕ್ಕ, ಅಡುಗೆಮನೆಯಿಂದ.